ತಾಪಮಾನ ಏರಿದರೆ ರಾಸಾಯನಿಕ ಕ್ರಿಯೆ ಯಾಕೆ ಚುರುಕಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಸಿ ಮಾಡಿದರೆ ಕ್ರಿಯೆ ಬೇಗ ಮುಗಿಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಯಾಕೆ ಅಂತ ಕೇಳಿ ನೋಡಿ, ಹೆಚ್ಚಿನವರ ಉತ್ತರ ಒಂದೇ: "ಅಣುಗಳು ಜೋರಾಗಿ ಓಡುತ್ತವೆ, ಜಾಸ್ತಿ ಡಿಕ್ಕಿ ಹೊಡೆಯುತ್ತವೆ." ಈ ಉತ್ತರ ಸುಳ್ಳಲ್ಲ. ಆದರೆ ಇದು ಆನೆಯ ಬಾಲ ಮಾತ್ರ, ಆನೆ ಇನ್ನೂ ಹೊರಗೇ ನಿಂತಿದೆ. ಅದನ್ನು ಒಳಗೆ ಕರೆತರುವುದೇ ಈ ಪುಟದ ಕೆಲಸ.

ಕ್ರಿಯೆಯ ವೇಗ ಅಂದರೆ ಏನು?

ಒಂದು ಸೆಕೆಂಡಿಗೋ ನಿಮಿಷಕ್ಕೋ ಎಷ್ಟು ವಸ್ತು ಖರ್ಚಾಯಿತು, ಅಥವಾ ಎಷ್ಟು ಹೊಸ ವಸ್ತು ಹುಟ್ಟಿತು ಎಂಬ ಲೆಕ್ಕ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ತಿಂಗಳು, ವರ್ಷ ಬೇಕು. ಉಪ್ಪಿನ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಬಿದ್ದರೆ ಬಿಳಿ ಗಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಜಾಸ್ತಿ ಡಿಕ್ಕಿ ಆಗುವುದೇ ಕಾರಣ ಅಲ್ವಾ?

ಲೆಕ್ಕ ಹಾಕಿ ನೋಡೋಣ. ದ್ರಾವಣವನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 35ಕ್ಕೆ ಏರಿಸಿದಿರಿ ಎಂದುಕೊಳ್ಳಿ. ಕೆಲ್ವಿನ್ ಲೆಕ್ಕದಲ್ಲಿ ಅದು 298ರಿಂದ 308. ಅಂದರೆ ತಾಪಮಾನ ಏರಿದ್ದು ಸುಮಾರು 3.4 ಶೇಕಡಾ ಅಷ್ಟೇ. ಅಣುಗಳ ಸರಾಸರಿ ಚಲನಶಕ್ತಿಯೂ ಅಷ್ಟೇ ಏರುತ್ತದೆ. ಅವುಗಳ ಓಟದ ವೇಗ ಶಕ್ತಿಯ ವರ್ಗಮೂಲದಂತೆ ಏರುವುದರಿಂದ ಅದು ಇನ್ನೂ ಕಡಿಮೆ, ಬರೀ 1.7 ಶೇಕಡಾ. ಅನಿಲವಾದರೆ ಡಿಕ್ಕಿಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಏರೀತು.

ಆದರೆ ಇದೇ 10 ಡಿಗ್ರಿ ಏರಿಕೆಗೆ ಎಷ್ಟೋ ಕ್ರಿಯೆಗಳು ಎರಡು ಪಟ್ಟು ವೇಗವಾಗುತ್ತವೆ. ಡಿಕ್ಕಿ ಏರಿದ್ದು ನೂರಕ್ಕೆ ಎರಡೂ ಇಲ್ಲ, ವೇಗ ಏರಿದ್ದು ನೂರಕ್ಕೆ ನೂರು. ಉಳಿದದ್ದು ಎಲ್ಲಿಂದ ಬಂತು? ಶಾಲೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಅದೇ ನನ್ನ ತಕರಾರು.

ಹಾಗಾದರೆ ನಿಜವಾದ ಕಾರಣ ಏನು?

ಅಣುಗಳು ಡಿಕ್ಕಿ ಹೊಡೆದ ಮಾತ್ರಕ್ಕೆ ಕ್ರಿಯೆ ಆಗುವುದಿಲ್ಲ. ಬಹುಪಾಲು ಡಿಕ್ಕಿಗಳು ಸುಮ್ನೆ ಹಾಳು. ಅಣುಗಳು ಬಂದು ತಾಗಿ, ಪುಟಿದು ತಮ್ಮ ದಾರಿ ಹಿಡಿಯುತ್ತವೆ. ಕ್ರಿಯೆ ಆಗಬೇಕಾದರೆ ಡಿಕ್ಕಿಗೆ ಒಂದು ಕನಿಷ್ಠ ಮಟ್ಟದ ಶಕ್ತಿ ಇರಬೇಕು. ಅದಕ್ಕೆ ಆಕ್ಟಿವೇಶನ್ ಎನರ್ಜಿ ಎನ್ನುತ್ತಾರೆ. ದಾರಿಗೆ ಅಡ್ಡ ನಿಂತ ಗುಡ್ಡ ಎಂದುಕೊಳ್ಳಿ. ಹತ್ತುವ ಕಸುವು ಇದ್ದವರು ಮಾತ್ರ ಆಚೆ ಕಡೆಗೆ ಇಳಿಯುತ್ತಾರೆ. ಉಳಿದವರು ಅರ್ಧ ಹತ್ತಿ ವಾಪಸ್.

ಒಂದೇ ಪಾತ್ರೆಯಲ್ಲಿದ್ದರೂ ಎಲ್ಲ ಅಣುಗಳ ಶಕ್ತಿ ಒಂದೇ ಅಲ್ಲ. ಕೆಲವು ಮಂದ, ಹೆಚ್ಚಿನವು ನಡುವಿನವು, ಎಲ್ಲೋ ಬೆರಳೆಣಿಕೆಯಷ್ಟು ವಿಪರೀತ ಚುರುಕು. ಈ ಹಂಚಿಕೆಯ ಲೆಕ್ಕವನ್ನು 19ನೇ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಮತ್ತು ಬೋಲ್ಟ್ಸ್‌ಮನ್ ಎಂಬ ಭೌತವಿಜ್ಞಾನಿಗಳು ಹಾಕಿಕೊಟ್ಟರು. ಗ್ರಾಫ್ ಬರೆದರೆ ನಡುವೆ ಗುಡ್ಡೆ, ಬಲಕ್ಕೆ ಉದ್ದನೆಯ ತೆಳ್ಳಗಿನ ಬಾಲ. ಕ್ರಿಯೆ ನಡೆಸುವುದು ಆ ಬಾಲದಲ್ಲಿರುವ ಅಣುಗಳು.

ಒಂದು ತರಗತಿಯನ್ನು ನೆನಪಿಸಿಕೊಳ್ಳಿ. ಪರೀಕ್ಷೆಯಲ್ಲಿ ಎಲ್ಲರಿಗೂ ಎರಡೆರಡು ಅಂಕ ಜಾಸ್ತಿ ಬಂದರೆ ತರಗತಿಯ ಸರಾಸರಿ ಅಷ್ಟೇನೂ ಬದಲಾಗುವುದಿಲ್ಲ. ಆದರೆ 95 ದಾಟಿದವರು ಮೊದಲು ಮೂರೇ ಜನ ಇದ್ದರೆ ಈಗ ಆರು ಜನ ಆಗಿರಬಹುದು. ತಾಪಮಾನ ಮಾಡುವುದೂ ಇದನ್ನೇ. ಸರಾಸರಿ ಕದಲುವುದು ಚೂರೇ ಚೂರು, ಗೆರೆ ದಾಟುವವರ ಸಂಖ್ಯೆ ಮಾತ್ರ ದುಪ್ಪಟ್ಟು.

ಅಂಕಿಯಲ್ಲೇ ಹೇಳುತ್ತೇನೆ. ಆಕ್ಟಿವೇಶನ್ ಎನರ್ಜಿ ಮೋಲ್‌ಗೆ (ಅಣುಗಳನ್ನು ಎಣಿಸಲು ಬಳಸುವ ಒಂದು ದೊಡ್ಡ ಅಳತೆ) 50 ಕಿಲೋಜೌಲ್ ಇದೆ ಎಂದಿಟ್ಟುಕೊಳ್ಳಿ. 25 ಡಿಗ್ರಿಯಲ್ಲಿ ನೂರು ಕೋಟಿ ಡಿಕ್ಕಿಗಳಲ್ಲಿ ಗುಡ್ಡ ದಾಟುವಷ್ಟು ಶಕ್ತಿ ಇರುವುದು ಸುಮಾರು 1.7 ಡಿಕ್ಕಿಗೆ. 35 ಡಿಗ್ರಿಯಲ್ಲಿ ಅದು 3.3. ಎರಡೂ ಲೆಕ್ಕಕ್ಕೇ ಬಾರದಷ್ಟು ಚಿಕ್ಕವು. ಆದರೆ ಒಂದು ಇನ್ನೊಂದರ ಹತ್ತಿರಹತ್ತಿರ ಎರಡು ಪಟ್ಟು.

ಆ ಗುಡ್ಡ ಯಾಕಾದರೂ ಇದೆ?

ಹಳೆಯ ಬಂಧ ಹಿಗ್ಗಿ ಸಡಿಲವಾಗದೆ ಹೊಸ ಬಂಧ ಕೂಡುವುದಿಲ್ಲ. ಎರಡು ಅಣುಗಳು ತೀರಾ ಹತ್ತಿರ ಬಂದಾಗ ಅವುಗಳ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಇದೆಲ್ಲಕ್ಕೂ ಮೊದಲೇ ಕೈಯಿಂದ ಶಕ್ತಿ ಹಾಕಬೇಕು. ಆಮೇಲೆ ಬಡ್ಡಿ ಸಮೇತ ವಾಪಸ್ ಬರುತ್ತದೋ ಇಲ್ಲವೋ ಬೇರೆ ಮಾತು.

ಗುಡ್ಡ ಇರುವುದು ನಮ್ಮ ಪುಣ್ಯ. ನೀವು ಓದುವ ಪುಸ್ತಕದ ಸುತ್ತ ಆಮ್ಲಜನಕ ಇದ್ದೇ ಇದೆ. ಕಾಗದ ಉರಿದರೆ ಶಕ್ತಿ ಬಿಡುಗಡೆಯೂ ಆಗುತ್ತದೆ. ಆದರೂ ಪುಸ್ತಕ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಬೆರೆಸಿ ಕೋಣೆಯ ತಾಪಮಾನದಲ್ಲಿ ಇಟ್ಟರೆ ವರ್ಷಗಟ್ಟಲೆ ತೆಪ್ಪಗಿರುತ್ತವೆ. ಒಂದು ಕಿಡಿ ತಾಗಿತೋ, ಸ್ಫೋಟ. ಕಿಡಿ ಇಡೀ ಪಾತ್ರೆಯನ್ನು ಕಾಯಿಸುವುದಿಲ್ಲ. ಒಂದು ಮೂಲೆಯಲ್ಲಿ ಕೆಲವು ಅಣುಗಳನ್ನು ಗುಡ್ಡ ಹತ್ತಿಸುತ್ತದೆ. ಅವು ಬಿಡುವ ಶಾಖ ಪಕ್ಕದವನ್ನು ಹತ್ತಿಸುತ್ತದೆ.

"ಪ್ರತಿ 10 ಡಿಗ್ರಿಗೆ ವೇಗ ದುಪ್ಪಟ್ಟು" ಎಂಬ ನಿಯಮ ನಿಜವೇ?

ಅದು ನಿಯಮ ಅಲ್ಲ, ಅಂದಾಜು. ಆಕ್ಟಿವೇಶನ್ ಎನರ್ಜಿ 50 ಕಿಲೋಜೌಲ್ ಆಸುಪಾಸು ಇದ್ದು, ತಾಪಮಾನ ಕೋಣೆಯ ಮಟ್ಟದಲ್ಲಿದ್ದರೆ ಸರಿಹೋಗುತ್ತದೆ. 25ರಿಂದ 35 ಡಿಗ್ರಿಗೆ ಏರಿದಾಗ ವೇಗ 1.9 ಪಟ್ಟು ಆಗುತ್ತದೆ. ಗುಡ್ಡದ ಎತ್ತರ 20 ಕಿಲೋಜೌಲ್ ಆದರೆ ಅದೇ ಏರಿಕೆಗೆ 1.3 ಪಟ್ಟು. 100 ಕಿಲೋಜೌಲ್ ಆದರೆ 3.7 ಪಟ್ಟು. ಗುಡ್ಡ ಎತ್ತರ ಇದ್ದಷ್ಟೂ ಕ್ರಿಯೆ ತಾಪಮಾನಕ್ಕೆ ಹೆಚ್ಚು ಕುಣಿಯುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಎರಡು ಮೂರು ಕಡೆ ಬೇಕಾಗುತ್ತದೆ.

ತೀರಾ ಬಿಸಿಯಲ್ಲಿ ಈ ಅಂದಾಜು ಪೂರ್ತಿ ಕೈಕೊಡುತ್ತದೆ. ಅದೇ 50 ಕಿಲೋಜೌಲ್ ಕ್ರಿಯೆಯನ್ನು 1000 ಕೆಲ್ವಿನ್‌ನಿಂದ 1010ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಬರೀ 6 ಶೇಕಡಾ. ಆ ಬಿಸಿಯಲ್ಲಿ ಗುಡ್ಡ ದಾಟುವವರು ಮೊದಲೇ ಬೇಕಾದಷ್ಟು ಇರುತ್ತಾರೆ. ಇನ್ನು ಹತ್ತು ಡಿಗ್ರಿ ಸೇರಿಸಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಅರೇನಿಯಸ್ ಸಮೀಕರಣ ಹೇಳುವುದೇನು?

ಸ್ವಲ್ಪ ಹಿನ್ನೆಲೆ. 1850ರಲ್ಲಿ ಲುಡ್ವಿಗ್ ವಿಲ್ಹೆಲ್ಮಿ ಎಂಬ ಜರ್ಮನ್ ವಿಜ್ಞಾನಿ, ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗವನ್ನು ಅಳೆದ. ಕ್ರಿಯೆಯ ವೇಗವನ್ನು ಹೀಗೆ ಅಂಕಿಯಲ್ಲಿ ಹಿಡಿದದ್ದರಲ್ಲಿ ಅದು ತೀರಾ ಮೊದಮೊದಲಿನದು. 1884ರಲ್ಲಿ ಡಚ್ ವಿಜ್ಞಾನಿ ವಾಂಟ್ ಹಾಫ್, ತಾಪಮಾನ ಮತ್ತು ವೇಗವನ್ನು ಜೋಡಿಸುವ ಸೂತ್ರದ ರೂಪ ತೋರಿಸಿದ. 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಅದಕ್ಕೆ ಅರ್ಥ ಕೊಟ್ಟ: ಎಲ್ಲ ಅಣುಗಳೂ ಕ್ರಿಯೆಗೆ ತಯಾರಿರುವುದಿಲ್ಲ, ಹೆಚ್ಚು ಶಕ್ತಿ ಪಡೆದ ಕೆಲವು ಮಾತ್ರ ಇರುತ್ತವೆ, ತಾಪಮಾನ ಬದಲಾಯಿಸುವುದು ಆ ಕೆಲವರ ಪಾಲನ್ನು. ವಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು. ಅರೇನಿಯಸ್‌ಗೂ 1903ರಲ್ಲಿ ಬಂತು, ಆದರೆ ಈ ಸಮೀಕರಣಕ್ಕಲ್ಲ. ದ್ರಾವಣದಲ್ಲಿ ಲವಣಗಳು ಅಯಾನುಗಳಾಗಿ ಒಡೆಯುತ್ತವೆ ಎಂದು ಹೇಳಿದ್ದಕ್ಕೆ.

ಸಮೀಕರಣವನ್ನು ಮಾತಿನಲ್ಲಿ ಹೀಗೆ ಹೇಳಬಹುದು. ವೇಗದ ಸ್ಥಿರಾಂಕಕ್ಕೆ, ಅಂದರೆ ಒಂದು ತಾಪಮಾನದಲ್ಲಿ ಕ್ರಿಯೆ ಎಷ್ಟು ಚುರುಕು ಎಂದು ಹೇಳುವ ಸಂಖ್ಯೆಗೆ, ಎರಡು ಭಾಗ. ಒಂದು, ಸರಿಯಾದ ಕೋನದಲ್ಲಿ ಆಗುವ ಡಿಕ್ಕಿಗಳ ಲೆಕ್ಕ. ಇನ್ನೊಂದು, ಅವುಗಳಲ್ಲಿ ಗುಡ್ಡ ದಾಟುವಷ್ಟು ಶಕ್ತಿ ಇರುವವುಗಳ ಪಾಲು. ಎರಡನ್ನೂ ಗುಣಿಸಿದರೆ ಮುಗಿಯಿತು. ತಾಪಮಾನ ಏರಿದಾಗ ಮೊದಲನೆಯದು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಎರಡನೆಯದು ಜಿಗಿಯುತ್ತದೆ. ಆ ಪಾಲು ಗೊತ್ತಾಗುವುದು ಆಕ್ಟಿವೇಶನ್ ಎನರ್ಜಿಯನ್ನು ಅನಿಲ ಸ್ಥಿರಾಂಕ 8.314 ಮತ್ತು ಕೆಲ್ವಿನ್ ತಾಪಮಾನದ ಗುಣಲಬ್ಧದಿಂದ ಭಾಗಿಸಿದಾಗ. ಬಂದ ಸಂಖ್ಯೆ 1ರಷ್ಟು ಕಡಿಮೆಯಾದಾಗಲೆಲ್ಲ ಪಾಲು 2.7 ಪಟ್ಟು ಹಿಗ್ಗುತ್ತದೆ.

ಇದರಿಂದ ಒಂದು ಒಳ್ಳೆಯ ಉಪಾಯವೂ ಸಿಗುತ್ತದೆ. ನಾಲ್ಕೈದು ತಾಪಮಾನದಲ್ಲಿ ವೇಗ ಅಳೆಯಿರಿ. ವೇಗದ ಲಾಗರಿದಮ್ ಅನ್ನು ಒಂದು ಅಕ್ಷದ ಮೇಲೆ, ಕೆಲ್ವಿನ್ ತಾಪಮಾನದ ವಿಲೋಮವನ್ನು (1 ÷ ತಾಪಮಾನ) ಇನ್ನೊಂದರ ಮೇಲೆ ಗುರುತಿಸಿ. ಸರಳರೇಖೆ ಬರುತ್ತದೆ. ಅದರ ಇಳಿಜಾರು ಎಷ್ಟು ಕಡಿದೋ, ಗುಡ್ಡ ಅಷ್ಟು ಎತ್ತರ. ಯಾರೂ ಕಣ್ಣಿನಿಂದ ನೋಡಲಾಗದ ಗುಡ್ಡವನ್ನು ಒಂದು ಗಡಿಯಾರ, ಒಂದು ಥರ್ಮಾಮೀಟರ್ ಹಿಡಿದು ಅಳೆಯಬಹುದು. ನನಗೆ ಇದು ಇವತ್ತಿಗೂ ಬೆರಗಿನ ವಿಷಯ.

ಲೆಕ್ಕದಲ್ಲಿ ಸೆಲ್ಸಿಯಸ್ ಹಾಕಬಹುದಾ?

ಬೇಡ. 10 ಡಿಗ್ರಿಯಿಂದ 20 ಡಿಗ್ರಿ ಅಂದರೆ ಬಿಸಿ ಎರಡು ಪಟ್ಟಾಯಿತು ಎಂದಲ್ಲ, 283ರಿಂದ 293 ಆಯಿತು ಅಷ್ಟೇ. ಮೊದಲು 273 ಕೂಡಿಸಿ, ಆಮೇಲೆ ಪೆನ್ನು ಎತ್ತಿ.

ಶಾಖ ಬಿಡುವ ಕ್ರಿಯೆಯನ್ನು ಬಿಸಿ ಮಾಡಿದರೆ ಅದು ನಿಧಾನ ಆಗಬೇಕಲ್ವಾ?

ಇಲ್ಲ. ಇಲ್ಲಿ ಎಡವದವರು ಕಡಿಮೆ. ಎಷ್ಟು ಬೇಗ ಆಗುತ್ತದೆ ಎಂಬುದು ಒಂದು ಪ್ರಶ್ನೆ. ಕೊನೆಗೆ ಎಷ್ಟು ಸಿಗುತ್ತದೆ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿದರೆ ಗೊಂದಲ ಖಾತ್ರಿ.

ಹಿಂದೆ ಮುಂದೆ ಎರಡೂ ಕಡೆ ನಡೆಯುವ ಒಂದು ಕ್ರಿಯೆ ತೆಗೆದುಕೊಳ್ಳಿ. ಮುಂದಿನದು ಶಾಖ ಬಿಡುತ್ತದೆ, ಅಂದರೆ ಬಹಿರುಷ್ಣಕ. ಗುಡ್ಡದ ಈ ಕಡೆಯ ನೆಲ ಎತ್ತರದಲ್ಲಿದೆ, ಆ ಕಡೆಯದು ತಗ್ಗಿನಲ್ಲಿದೆ ಎಂದರ್ಥ. ಈ ಕಡೆಯಿಂದ ಹತ್ತುವವರಿಗೆ ಗುಡ್ಡ ಚಿಕ್ಕದು, ಆ ಕಡೆಯಿಂದ ವಾಪಸ್ ಬರುವವರಿಗೆ ದೊಡ್ಡದು. ಬಿಸಿ ಮಾಡಿದರೆ ಎರಡೂ ಕ್ರಿಯೆ ಚುರುಕಾಗುತ್ತವೆ. ಆದರೆ ಗುಡ್ಡ ಎತ್ತರ ಇದ್ದವರಿಗೆ ಲಾಭ ಜಾಸ್ತಿ ಎಂದು ಆಗಲೇ ಹೇಳಿದೆನಲ್ಲ, ಹಾಗಾಗಿ ಹಿಂದಿನ ಕ್ರಿಯೆ ಇನ್ನೂ ಹೆಚ್ಚು ಚುರುಕಾಗುತ್ತದೆ. ಸಮತೋಲನ ಬೇಗ ಬರುತ್ತದೆ, ಆದರೆ ಅಲ್ಲಿ ಸಿಗುವ ಉತ್ಪನ್ನ ಕಡಿಮೆ.

ಅಮೋನಿಯಾ ತಯಾರಿಸುವ ಹೇಬರ್ ವಿಧಾನದ ತಲೆನೋವೆಲ್ಲ ಇದೇ. ಸಾರಜನಕ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುವಾಗ ಶಾಖ ಹೊರಬರುತ್ತದೆ. ತಣ್ಣಗಿಟ್ಟರೆ ಫಸಲು ಹೆಚ್ಚು, ಆದರೆ ಕಾಯುತ್ತಾ ಕೂತವರ ತಲೆ ನರೆಯುತ್ತದೆ. ಸಾರಜನಕದ ಮೂರೆಳೆಯ ಬಂಧ ಅಷ್ಟು ಗಟ್ಟಿ. ಕಾಯಿಸಿದರೆ ಬೇಗ ಆಗುತ್ತದೆ, ಫಸಲು ಇಳಿಯುತ್ತದೆ. ಅದಕ್ಕೇ ಕಾರ್ಖಾನೆಗಳು 400ರಿಂದ 500 ಡಿಗ್ರಿ ಸೆಲ್ಸಿಯಸ್ ನಡುವೆ ಒಂದು ರಾಜಿ ಮಾಡಿಕೊಂಡಿವೆ. ಇಳಿದ ಫಸಲನ್ನು ಭಾರೀ ಒತ್ತಡದಿಂದ ಸರಿದೂಗಿಸುತ್ತವೆ. ವೇಗಕ್ಕೆ ಕಬ್ಬಿಣದ ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಹಾಕುತ್ತವೆ. ಕ್ರಿಯೆಯಾಗದೆ ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುತ್ತವೆ.

ವೇಗವರ್ಧಕ ಇದ್ದರೆ ಬಿಸಿ ಮಾಡುವ ಗೋಜು ಯಾಕೆ?

ಎರಡೂ ಬೇರೆ ಬೇರೆ ದಾರಿ. ಬಿಸಿ ಮಾಡಿದಾಗ ಗುಡ್ಡ ಅಲ್ಲೇ ಇರುತ್ತದೆ, ಹತ್ತುವವರಿಗೆ ಕಸುವು ಬರುತ್ತದೆ. ವೇಗವರ್ಧಕ ಹಾಕಿದಾಗ ಜನ ಅವರೇ, ಗುಡ್ಡದ ಪಕ್ಕದಲ್ಲಿ ತಗ್ಗಾದ ಕಣಿವೆ ದಾರಿ ತೆರೆಯುತ್ತದೆ.

ಯಾವುದರ ಬಲ ಹೆಚ್ಚು? 50 ಕಿಲೋಜೌಲ್ ಗುಡ್ಡದಲ್ಲಿ 20 ಕಿಲೋಜೌಲ್ ತಗ್ಗಿಸಿದರೆ 25 ಡಿಗ್ರಿಯಲ್ಲಿ ವೇಗ ಸುಮಾರು 3200 ಪಟ್ಟು ಏರುತ್ತದೆ, ಉಳಿದದ್ದೆಲ್ಲ ಹಾಗೇ ಇದ್ದರೆ. ಬರೀ ಬಿಸಿಯಿಂದಲೇ ಅಷ್ಟು ವೇಗ ಬೇಕೆಂದರೆ ಸುಮಾರು 223 ಡಿಗ್ರಿಗೆ ಕಾಯಿಸಬೇಕು. ಅಷ್ಟರಲ್ಲಿ ನೀರು ಆವಿಯಾಗಿ ಹೋಗಿರುತ್ತದೆ. ಜೀವಕೋಶಗಳು ಒಲೆ ಹೊತ್ತಿಸದೆ ಬದುಕು ನಡೆಸುವುದು ಕಿಣ್ವಗಳೆಂಬ ವೇಗವರ್ಧಕಗಳಿಂದಲೇ.

ಕಿಣ್ವಗಳ ಕ್ರಿಯೆ ಒಂದು ಮಿತಿ ದಾಟಿದರೆ ನಿಂತೇ ಹೋಗುತ್ತದಲ್ಲ, ಯಾಕೆ?

ಕಿಣ್ವ ಎಂದರೆ ಮಡಚಿ ಮಡಚಿ ಒಂದು ಆಕಾರಕ್ಕೆ ಬಂದ ಪ್ರೊಟೀನ್ ಸರ. ಆ ಆಕಾರ ಇದ್ದರೆ ಮಾತ್ರ ಕೆಲಸ. ಬಿಸಿ ಏರಿದಂತೆ ಎರಡು ಕ್ರಿಯೆ ಒಟ್ಟಿಗೇ ಚುರುಕಾಗುತ್ತವೆ. ಕಿಣ್ವ ಮಾಡುವ ಕೆಲಸ ಒಂದು. ಕಿಣ್ವದ ಮಡಿಕೆ ಬಿಚ್ಚಿಹೋಗುವುದು ಇನ್ನೊಂದು. ಬಿಚ್ಚುವ ಕ್ರಿಯೆಯ ಗುಡ್ಡ ತುಂಬಾ ಎತ್ತರ, ಹಾಗಾಗಿ ಮೊದಮೊದಲು ಅದು ಕಾಣುವುದೇ ಇಲ್ಲ. ಎತ್ತರದ ಗುಡ್ಡ ತಾಪಮಾನಕ್ಕೆ ಹೆಚ್ಚು ಕುಣಿಯುತ್ತದೆ ಅಲ್ವಾ? ಕೆಲವೇ ಡಿಗ್ರಿ ಮೇಲೆ ಹೋದರೆ ಸಾಕು, ಅದು ಎಲ್ಲವನ್ನೂ ನುಂಗುತ್ತದೆ. ಮೊಟ್ಟೆಯ ಬಿಳಿ 60 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗಲು ಶುರುವಾಗುವುದೂ ಪ್ರೊಟೀನ್ ಬಿಚ್ಚಿಕೊಂಡೇ. ಅದನ್ನು ತಣ್ಣಗೆ ಮಾಡಿದರೆ ಮತ್ತೆ ಹಸಿ ಮೊಟ್ಟೆ ಆಗುವುದಿಲ್ಲ.

ಎಲ್ಲ ಕಿಣ್ವಗಳೂ ಇಷ್ಟು ನಾಜೂಕಲ್ಲ. ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಸಿಕ್ಕ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ವರ್ಣಿಸಿದರು. ಅದರ ಒಂದು ಕಿಣ್ವ 95 ಡಿಗ್ರಿಯಲ್ಲೂ ಸ್ವಲ್ಪ ಹೊತ್ತು ತಾಳುತ್ತದೆ. ಡಿಎನ್‌ಎಯನ್ನು ಮತ್ತೆ ಮತ್ತೆ ಕಾಯಿಸಿ ತಣಿಸಿ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಸಲೀಸಾದದ್ದು ಅದರಿಂದಲೇ. ಮೊದಲೆಲ್ಲ ಪ್ರತಿ ಸಲ ಕಾಯಿಸಿದಾಗಲೂ ಕಿಣ್ವ ಹಾಳಾಗಿ, ಹೊಸದನ್ನು ಹಾಕಬೇಕಿತ್ತು.

ಇನ್ನೊಂದು ಮಾತು, ಸುಮ್ನೆ ಖುಷಿಗೆ. ಜೀರುಂಡೆಯ ಮೈ ಸುತ್ತಲಿನ ಗಾಳಿಯಷ್ಟೇ ಬಿಸಿ ಇರುತ್ತದೆ. ರಾತ್ರಿ ಬೆಚ್ಚಗಿದ್ದರೆ ಅದರ ಸ್ನಾಯುವಿನ ಕ್ರಿಯೆಗಳೂ ಬೇಗ, ಚಿರ್‌ಗುಟ್ಟುವುದೂ ಬೇಗ. 1897ರಲ್ಲಿ ಡೋಲ್‌ಬೇರ್ ಎಂಬ ಅಮೆರಿಕದ ವಿಜ್ಞಾನಿ, ಅದರ ಚಿರ್‌ಗುಟ್ಟುವಿಕೆ ಎಣಿಸಿ ತಾಪಮಾನ ಹೇಳುವ ಸೂತ್ರವನ್ನೇ ಪ್ರಕಟಿಸಿದ.

ಬಿಸಿ ಮಾಡಿದರೆ ನಿಧಾನವಾಗುವ ಸಾದಾ ಕ್ರಿಯೆ ಯಾವುದಾದರೂ ಇದೆಯಾ?

ಇದೆ. ನೈಟ್ರಿಕ್ ಆಕ್ಸೈಡ್ ಆಮ್ಲಜನಕದ ಜೊತೆ ಸೇರಿ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುವುದು. ಇಲ್ಲಿ ಮೊದಲು ಎರಡು ನೈಟ್ರಿಕ್ ಆಕ್ಸೈಡ್ ಅಣುಗಳು ಸಡಿಲವಾಗಿ ಕೈ ಹಿಡಿಯುತ್ತವೆ, ಆ ಜೋಡಿಗೆ ಆಮ್ಲಜನಕ ಬಂದು ತಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಬಿಸಿ ಹೆಚ್ಚಾದರೆ ಆಮ್ಲಜನಕ ಬರುವ ಮೊದಲೇ ಜೋಡಿ ಬಿಟ್ಟುಹೋಗುತ್ತದೆ.

ಗುಡ್ಡವೇ ಇಲ್ಲದ ಕ್ರಿಯೆಗಳೂ ಇವೆ. ಎರಡು ಮೀಥೈಲ್ ರ‍್ಯಾಡಿಕಲ್‌ಗಳು (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುತುಂಡುಗಳು) ಎದುರಾದರೆ ಹಾಗೇ ಅಂಟಿಕೊಳ್ಳುತ್ತವೆ. ಅಂಥವಕ್ಕೆ ತಾಪಮಾನದ ಹಂಗು ಬಹಳ ಕಡಿಮೆ.

ಫ್ರಿಜ್‌ನಲ್ಲಿಟ್ಟರೆ ಕ್ರಿಯೆ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ, ತೆವಳುತ್ತದೆ. ಅದೇ 50 ಕಿಲೋಜೌಲ್ ಕ್ರಿಯೆ 30 ಡಿಗ್ರಿಯಲ್ಲಿ ಒಂದು ದಿನ ತೆಗೆದುಕೊಂಡರೆ 4 ಡಿಗ್ರಿಯಲ್ಲಿ ಆರು ದಿನದ ಮೇಲೆ ತೆಗೆದುಕೊಳ್ಳುತ್ತದೆ. ಬೆಳಕು ಕೊಡುವ ಗ್ಲೋ ಸ್ಟಿಕ್ ಸಿಕ್ಕರೆ ಪರೀಕ್ಷಿಸಿ. ಬಿಸಿನೀರಿನಲ್ಲಿ ಮುಳುಗಿಸಿದರೆ ಹೊಳಪು ಜಾಸ್ತಿ, ಬೇಗ ಖಾಲಿ. ಫ್ರೀಜರ್‌ಗೆ ಹಾಕಿದರೆ ಮಂಕು, ಆದರೆ ಮರುದಿನವೂ ಒಂದಿಷ್ಟು ಉಳಿದಿರುತ್ತದೆ. ಒಳಗಿರುವ ಸರಕು ಅಷ್ಟೇ, ಖರ್ಚು ಮಾಡುವ ವೇಗ ಮಾತ್ರ ಬೇರೆ.

ಔಷಧ ಕಂಪನಿಗಳು ಇದನ್ನೇ ತಿರುಗಿಸಿ ಬಳಸುತ್ತವೆ. ಮಾತ್ರೆ ಎರಡು ವರ್ಷ ಬಾಳುತ್ತದೆಯೇ ಎಂಬ ಅಂದಾಜು ಬೇಕು, ಅಲ್ಲಿಯವರೆಗೆ ಸುಮ್ಮನೆ ಕಾಯಲಾಗದು. ಅದಕ್ಕೆ 40 ಡಿಗ್ರಿ ಸೆಲ್ಸಿಯಸ್, 75 ಶೇಕಡಾ ತೇವಾಂಶದಲ್ಲಿ ಆರು ತಿಂಗಳು ಇಟ್ಟು ನೋಡುತ್ತಾರೆ. ಪಕ್ಕದಲ್ಲೇ ಮಾಮೂಲಿ ತಾಪಮಾನದ ಪರೀಕ್ಷೆಯೂ ನಡೆಯುತ್ತಿರುತ್ತದೆ. "ತಂಪಾದ ಜಾಗದಲ್ಲಿಡಿ" ಎಂದು ಡಬ್ಬಿಯ ಮೇಲೆ ಬರೆದಿರುವುದು ಅಲಂಕಾರಕ್ಕಲ್ಲ.

ತೀರಾ ತಣ್ಣಗೆ, ಸೊನ್ನೆ ಕೆಲ್ವಿನ್ ಹತ್ತಿರ ಹೋದರೆ? ಗುಡ್ಡ ಹತ್ತುವವರು ಯಾರೂ ಉಳಿಯುವುದಿಲ್ಲ. ಆದರೂ ಹೈಡ್ರೋಜನ್‌ನಂಥ ಹಗುರ ಪರಮಾಣುಗಳು ಕ್ವಾಂಟಮ್ ಸುರಂಗದ ಮೂಲಕ ಗುಡ್ಡದ ಒಳಗಿಂದಲೇ ನುಸುಳಬಲ್ಲವು. ನಕ್ಷತ್ರಗಳ ನಡುವೆ ಸುಮಾರು 10 ಕೆಲ್ವಿನ್‌ನಲ್ಲಿರುವ ಮೋಡಗಳಲ್ಲೂ ರಸಾಯನ ನಡೆಯುವುದಕ್ಕೆ ಇದೂ ಒಂದು ಕಾರಣ.

ಬಿಸಿಯಿಂದ ಕ್ರಿಯೆ ಕೈಮೀರುವುದು ಹೇಗೆ?

ಕ್ರಿಯೆ ಶಾಖ ಬಿಡುತ್ತದೆ. ಶಾಖ ತಾಪಮಾನ ಏರಿಸುತ್ತದೆ. ತಾಪಮಾನ ಕ್ರಿಯೆಯನ್ನು ಇನ್ನೂ ಓಡಿಸುತ್ತದೆ. ಹೊರಗೆ ಹೋಗುವ ಶಾಖ ಮಾತ್ರ ತಾಪಮಾನದ ವ್ಯತ್ಯಾಸಕ್ಕೆ ತಕ್ಕಂತೆ ಒಂದೇ ಹದದಲ್ಲಿ ಏರುತ್ತದೆ. ಒಳಗೆ ಹುಟ್ಟುವುದು ಪಟ್ಟು ಪಟ್ಟು ಏರುತ್ತದೆ. ಒಂದು ಹಂತ ದಾಟಿದರೆ ತಣಿಸುವ ವ್ಯವಸ್ಥೆ ಬೆನ್ನಟ್ಟಿ ಹಿಡಿಯಲಾರದು.

ಪಾತ್ರೆ ದೊಡ್ಡದಾದಷ್ಟೂ ಅಪಾಯ. ಉದ್ದ ಅಗಲ ಎತ್ತರ ಎಲ್ಲ 10 ಪಟ್ಟಾದರೆ ಒಳಗಿನ ವಸ್ತು 1000 ಪಟ್ಟು, ಶಾಖ ಹೊರಬಿಡುವ ಮೈ 100 ಪಟ್ಟು ಮಾತ್ರ. ಬೀಕರ್‌ನಲ್ಲಿ ಸಾಧುವಾಗಿದ್ದ ಕ್ರಿಯೆ ಟ್ಯಾಂಕ್‌ನಲ್ಲಿ ರಾಕ್ಷಸ ಆಗುವುದು ಹೀಗೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಎಂಬ ವಿಷವಸ್ತು ಇದ್ದ ಟ್ಯಾಂಕಿಗೆ ನೀರು ಸೇರಿತು. ನೀರಿನ ಜೊತೆಗಿನ ಕ್ರಿಯೆ ಶಾಖ ಬಿಡುವಂಥದ್ದು. ಆ ವಸ್ತು ಕುದಿಯುವುದೇ 39 ಡಿಗ್ರಿಯಲ್ಲಿ. ಟ್ಯಾಂಕನ್ನು ತಣ್ಣಗಿಡಬೇಕಿದ್ದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸಾವಿರಾರು ಜನ ಸತ್ತರು.

ಲ್ಯಾಬ್‌ನಲ್ಲಿ ಇದನ್ನು ತೋರಿಸುವ ಸುಲಭ ಪ್ರಯೋಗ ಯಾವುದು? ನನ್ನ ಗ್ರಾಫ್ ಯಾಕೆ ಸರಿ ಬರುತ್ತಿಲ್ಲ?

ಸೋಡಿಯಂ ಥಯೋಸಲ್ಫೇಟ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕುವುದು. ಗಂಧಕದ ಪುಡಿ ಹುಟ್ಟಿ ದ್ರಾವಣ ಮಸುಕಾಗುತ್ತದೆ. ಫ್ಲಾಸ್ಕ್ ಅಡಿಯ ಕಾಗದದ ಮೇಲೆ ಬರೆದ ಕತ್ತರಿ ಗುರುತು ಮಾಯವಾಗಲು ಎಷ್ಟು ಸೆಕೆಂಡು ಬೇಕು ಎಂದು ಅಳೆಯುತ್ತೀರಿ. ಆ ಸಮಯದ ವಿಲೋಮವನ್ನೇ ವೇಗ ಎಂದುಕೊಳ್ಳಬಹುದು. ಪ್ರತಿ ಸಲವೂ ಅದೇ ಫ್ಲಾಸ್ಕ್, ಅದೇ ಅಳತೆಯ ದ್ರಾವಣ ಇರಲಿ. ದ್ರಾವಣ ಆಳವಾದರೆ ಗುರುತು ಬೇಗ ಮರೆಯಾಗುತ್ತದೆ, ಅದು ತಾಪಮಾನದ ಕೈವಾಡ ಅಲ್ಲ. ಸಲ್ಫರ್ ಡೈಆಕ್ಸೈಡ್ ಹೊರಬರುವುದರಿಂದ ಕಿಟಕಿ ತೆರೆದಿಡಿ. ಅಸ್ತಮಾ ಇದ್ದವರು ದೂರ ಇರಿ. ಬಿಸಿಯಾದಷ್ಟೂ ಈ ಅನಿಲ ಜೋರಾಗಿ ಬರುತ್ತದೆ, ಹಾಗಾಗಿ 50 ಡಿಗ್ರಿಯ ಒಳಗೇ ಪ್ರಯೋಗ ಮುಗಿಸಿ.

ಗ್ರಾಫ್ ಕೆಡುವುದಕ್ಕೆ ನನ್ನದೇ ಉದಾಹರಣೆ ಇದೆ. ಕಾಲೇಜಿನಲ್ಲಿ ನಾನು ಥಯೋಸಲ್ಫೇಟ್ ಒಂದನ್ನೇ 50 ಡಿಗ್ರಿಗೆ ಕಾಯಿಸಿ, ಅಷ್ಟೇ ಅಳತೆಯ ತಣ್ಣನೆಯ ಆಮ್ಲ ಸುರಿದು, ಪುಸ್ತಕದಲ್ಲಿ "50" ಎಂದು ಬರೆದುಬಿಟ್ಟಿದ್ದೆ. ಕೋಣೆ 26 ಡಿಗ್ರಿ ಇತ್ತು. ಬೆರೆತಾಗ ನಿಜವಾಗಿ ಇದ್ದದ್ದು 38ರ ಹತ್ತಿರ. ನನ್ನ ಲೆಕ್ಕದಲ್ಲಿ ತಾಪಮಾನ ತುಂಬಾ ಏರಿತ್ತು, ವೇಗ ಮಾತ್ರ ಅಷ್ಟು ಏರಿರಲಿಲ್ಲ. ಆಕ್ಟಿವೇಶನ್ ಎನರ್ಜಿ ಬರಬೇಕಾದ್ದಕ್ಕಿಂತ ಅರ್ಧಕ್ಕೆ ಇಳಿದಿತ್ತು. ಮೇಡಂ ಗ್ರಾಫ್ ನೋಡಿ, ಏನೂ ಬೈಯದೆ, ಥರ್ಮಾಮೀಟರ್ ಎಲ್ಲಿ ಇಟ್ಟಿದ್ದೆ ಅಂತ ಕೇಳಿದರು. ಎರಡೂ ದ್ರಾವಣಗಳನ್ನು ಒಂದೇ ನೀರಿನ ತೊಟ್ಟಿಯಲ್ಲಿ ಬಿಸಿ ಮಾಡಿ. ಬೆರೆಸಿದ ಮೇಲೆ ಒಮ್ಮೆ, ಗುರುತು ಮಾಯವಾದಾಗ ಇನ್ನೊಮ್ಮೆ ತಾಪಮಾನ ನೋಡಿ, ಎರಡರ ಸರಾಸರಿ ಬರೆದುಕೊಳ್ಳಿ.